ಹಳದಿ ಕೂದಲಿನ ಶಶಿಕಲಾ

ಸೊಪ್ಪು ಬಿಡಿಸುತ್ತಾ ಟಿವಿ ನೋಡುವುದು ನಮ್ಮಮ್ಮನ ಅಭ್ಯಾಸ. ಟಿವಿಯಲ್ಲಿ ಏನು ಬರುತ್ತಿದ್ದರೂ ಸರಿಯೇ. ಒಂದು ಭಾನುವಾರ ಅಕ್ಕನ ಮಗ ಹಳೆಯ ‘ಸೇಲರ್ ಮೂನ್’ ಕಾರ್ಟೂನ್ ಹಾಕಿಕೊಂಡು ಕೂತಿದ್ದ. ಪರದೆ ತುಂಬಾ ಒಬ್ಬ ಹುಡುಗಿ. ಹಳದಿ ಕೂದಲು, ನೀಲಿ ಕಣ್ಣು. ಕಣ್ಣು ಅಂದರೆ ಸುಮ್ನೆ ಕಣ್ಣಲ್ಲ, ಅರ್ಧ ಮುಖ ಅದೇ. ಅಮ್ಮ ಮೆಂತ್ಯದ ಕಟ್ಟು ಪಕ್ಕಕ್ಕಿಟ್ಟಳು.

“ಈ ಹುಡುಗಿ ಯಾವ ದೇಶದವಳೋ?”

“ಜಪಾನ್ ಅಜ್ಜಿ.”

“ಕೂದಲು ಹಳದಿ ಇದೆಯಲ್ಲೋ.”

“ಅವಳಮ್ಮಂದು ನೀಲಿ ಇದೆ ಅಜ್ಜಿ.”

“ಹೌದಾ? ಸರಿ ಬಿಡು.”

ಮತ್ತೆ ಮೆಂತ್ಯ. ಅಮ್ಮನಿಗೆ ಅರ್ಧ ನಿಮಿಷದಲ್ಲಿ ಬಗೆಹರಿದ ಪ್ರಶ್ನೆ ಅನಿಮೆಯ, ಅಂದರೆ ಜಪಾನಿನ ಕಾರ್ಟೂನುಗಳ, ಅಮೆರಿಕ, ಯುರೋಪಿನ ಅಭಿಮಾನಿಗಳಿಗೆ ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಒಂದು ಗುಂಪಿನ ಪ್ರಕಾರ ಜಪಾನಿನವರಿಗೆ ಬಿಳಿಯರಾಗುವ ಆಸೆ, ಅದಕ್ಕೇ ಹೀಗೆ ಬಿಡಿಸುತ್ತಾರೆ. ಇನ್ನೊಂದು ಗುಂಪಿನ ಪ್ರಕಾರ ಅನಿಮೆಯಲ್ಲಿ ಜನಾಂಗ ಅನ್ನೋದೇ ಇಲ್ಲ, ಅದು ಬರೀ ಗೆರೆ, ಬಾಯಿ ಮುಚ್ಕೊಂಡು ನೋಡಿ. ಎರಡೂ ಗುಂಪಿನವರು ಅದೇ ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಮೂಗಿನ ಉದ್ದ ಅಳೆಯುತ್ತಾರೆ. ಹೆಣ್ಣು ನೋಡೋಕೆ ಹೋದ ಸೋದರತ್ತೆಯರೂ ಇಷ್ಟು ಅಳೆಯುವುದಿಲ್ಲ.

ಮಜಾ ಏನೆಂದರೆ, ಅಮೆರಿಕದ ಕಾರ್ಟೂನಿನ ಸಿಂಪ್ಸನ್ ಮನೆಯವರು 1989ರಿಂದ ಮೈತುಂಬಾ ಅರಿಶಿನ ಹಚ್ಚಿಕೊಂಡವರ ಹಾಗೆ ಓಡಾಡುತ್ತಿದ್ದಾರೆ. ಆ ಮನೆಯ ಯಜಮಾನಿಗೆ ಗೋಪುರದಂಥ ನೀಲಿ ಕೂದಲು. ಕೈಗೆ ನಾಲ್ಕೇ ಬೆರಳು. ಇವರು ಯಾವ ದೇಶದವರು ಅಂತ ಯಾರೂ ಕೇಳಲಿಲ್ಲ. ಅಮೆರಿಕದವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದಂತೆ!

ನಮ್ಮ ಹಳದಿ ಕೂದಲಿನ ಹುಡುಗಿಯ ದಾಖಲೆಪತ್ರವನ್ನೇ ತೆಗೆದು ನೋಡೋಣ. ಮನೆ ಟೋಕಿಯೋದ ಅಜಬು-ಜೂಬನ್. ಹೆಸರು ತ್ಸುಕಿನೋ ಉಸಾಗಿ. ಕಿವಿಗೆ ‘ಚಂದ್ರನ ಮೊಲ’ ಅಂತ ಕೇಳಿಸುವ ಹೆಸರು. ಜಪಾನಿನವರಿಗೂ ಚಂದ್ರನಲ್ಲಿ ಕಾಣುವುದು ಮೊಲವೇ, ನಮಗೂ ಮೊಲವೇ. ಅದಕ್ಕೇ ಅಲ್ವಾ ಅವನು ಶಶಿ. ಅಂದರೆ ಈ ಹುಡುಗಿ ನಮ್ಮಲ್ಲಿ ಹುಟ್ಟಿದ್ದರೆ ಶಶಿಕಲಾ ಆಗುತ್ತಿದ್ದಳು. 1995ರಲ್ಲಿ ಅವಳನ್ನು ಅಮೆರಿಕದ ಟಿವಿಗೆ ಕರೆದುಕೊಂಡು ಹೋದವರು ಮೊದಲು ಮಾಡಿದ ಕೆಲಸ ಶಶಿಕಲಾ ಹೆಸರು ಅಳಿಸಿ ಸೆರೀನಾ ಅಂತ ಇಟ್ಟಿದ್ದು. ಪೋಕೆಮಾನ್ ಹೋದಾಗಲೂ ಅದೇ ಕಥೆ. ಸತೋಶಿ ಆ್ಯಶ್ ಆದ, ತಕೇಶಿ ಬ್ರಾಕ್ ಆದ. ಅದರ ಒಂದು ಕಂತಿನಲ್ಲಿ ಬ್ರಾಕ್ ಕೈಯಲ್ಲಿ ಒನಿಗಿರಿ ಇರುತ್ತದೆ. ಒನಿಗಿರಿ ಅಂದರೆ ಅನ್ನದ ಉಂಡೆ, ಮೂರು ಮೂಲೆಯದು, ಬುಡಕ್ಕೆ ಕಪ್ಪು ಸಮುದ್ರಪಾಚಿಯ ಪಟ್ಟಿ. ಅದನ್ನು ಹಿಡಿದುಕೊಂಡು ಅವನು ಇಂಗ್ಲಿಷಿನಲ್ಲಿ, ಜೆಲ್ಲಿ ತುಂಬಿದ ಡೋನಟ್ ಅಂದರೆ ನನಗೆ ಪ್ರಾಣ ಅನ್ನುತ್ತಾನೆ. ಮೊಸರನ್ನದ ತುತ್ತು ಎತ್ತಿ ಹಿಡಿದು ‘ಕೇಕ್ ಚೆನ್ನಾಗಿದೆ’ ಅಂದ ಹಾಗೆ.

ಹೆಸರು ಅಳಿಸಿದರು, ಅನ್ನ ಅಳಿಸಿದರು. ಇಷ್ಟೆಲ್ಲ ಆದಮೇಲೆ ಅದೇ ಮಂದಿ ಗಲ್ಲದ ಮೇಲೆ ಕೈಯಿಟ್ಟುಕೊಂಡು, ಅಯ್ಯೋ, ಈ ಹುಡುಗರು ಜಪಾನಿನವರ ಹಾಗೇ ಕಾಣಲ್ವಲ್ಲ, ಏನಿದರ ಗುಟ್ಟು ಅಂತ ಕೇಳುತ್ತಾರೆ.

ಗುಟ್ಟು ಏನೂ ಇಲ್ಲ. ಜಪಾನಿನ ಕಾಮಿಕ್ಸ್, ಅಂದರೆ ಮಾಂಗಾ, ಬಹುಪಾಲು ಅಚ್ಚಾಗುವುದು ಕಪ್ಪು-ಬಿಳುಪಿನಲ್ಲಿ. ಒಂದು ತರಗತಿಯ ಮೂವತ್ತು ಮಕ್ಕಳಿಗೂ ಕಪ್ಪು ಕೂದಲು ತುಂಬುತ್ತಾ ಹೋದರೆ ಮಸಿಯೂ ಖರ್ಚು, ಯಾರು ಯಾರೆಂದು ಗೊತ್ತೂ ಆಗುವುದಿಲ್ಲ. ಹಾಗಾಗಿ ಒಬ್ಬಳ ತಲೆಗೆ ಮಸಿ, ಇನ್ನೊಬ್ಬಳ ತಲೆ ಖಾಲಿ. ಮುಖಪುಟಕ್ಕೆ ಬಣ್ಣ ಹಚ್ಚುವ ದಿನ ಬಂದಾಗ ಆ ಖಾಲಿ ತಲೆಗೆ ಹಳದಿಯೋ ಗುಲಾಬಿಯೋ ಏನೋ ಒಂದು. ಹೈಸ್ಕೂಲಿನಲ್ಲಿ ಎರಡು ಸೆಕ್ಷನ್ನಿಗೆ ಎರಡು ಬಣ್ಣದ ರಿಬ್ಬನ್ ಕೊಟ್ಟ ಹಾಗೆ.

ಇನ್ನು ಆ ಕಣ್ಣು. 1963ರಲ್ಲಿ ‘ಆಸ್ಟ್ರೋ ಬಾಯ್’ಅನ್ನು ಟಿವಿಗೆ ತಂದ ಒಸಾಮು ತೆಜುಕಾ ಅವರಿಗೆ ಡಿಸ್ನಿ ಅಂದರೆ ಹುಚ್ಚು. ಜಿಂಕೆಮರಿಯೊಂದರ ಕಥೆಯಾದ 1942ರ ‘ಬ್ಯಾಂಬಿ’ಯನ್ನು 80ಕ್ಕೂ ಹೆಚ್ಚು ಸಲ ನೋಡಿದ್ದರಂತೆ. ಜೊತೆಗೆ ಅವರು ಬೆಳೆದದ್ದು ತಕರಾಜುಕಾ ಊರಿನಲ್ಲಿ. ಬರೀ ಹೆಣ್ಣುಮಕ್ಕಳೇ ಪಾತ್ರ ಮಾಡುವ, ಕಣ್ಣಿಗೆ ಗಾಢವಾಗಿ ಬಣ್ಣ ಬಳಿಯುವ ಒಂದು ಕಂಪನಿ ನಾಟಕಕ್ಕೆ ಆ ಊರು ಹೆಸರುವಾಸಿ. ಅನಿಮೆಯ ಕಣ್ಣು ಬಿಳಿಯರ ಮುಖದಿಂದ ಬಂದದ್ದಲ್ಲ ಸ್ವಾಮಿ, ಜಿಂಕೆಮರಿಯಿಂದ ಮತ್ತು ನಾಟಕದ ಮೇಕಪ್ಪಿನಿಂದ ಬಂದದ್ದು. ಹೆಣ್ಣಿಗೆ ಜಿಂಕೆ ಕಣ್ಣು ಇಡುವುದು ನಮ್ಮ ಕವಿಗಳಿಗೇನು ಹೊಸದಾ? ಹರಿಣಾಕ್ಷಿ ಯಾವ ದೇಶದವಳು ಅಂತ ಯಾವ ಪಂಡಿತರೂ ತಲೆ ಕೆಡಿಸಿಕೊಂಡಿಲ್ಲ.

ಆ ಜಿಂಕೆಯದಾದರೂ ಕಾಗದಪತ್ರ ಸರಿ ಇದೆಯಾ? ಕಥೆ ಬರೆದವರು ವಿಯೆನ್ನಾದ ಲೇಖಕರು. ಸಿನಿಮಾ ಅಮೆರಿಕದ್ದು. ಅದರಲ್ಲಿನ ಮಂಜು ಮಂಜಾದ ಕಾಡಿಗೆ ರೂಪ ಕೊಟ್ಟವರು ಟೈರಸ್ ವಾಂಗ್, ಚೀನಾದಲ್ಲಿ ಹುಟ್ಟಿದವರು. ಚೀನೀಯರಿಗೆ ಅಮೆರಿಕ ಕದ ಹಾಕಿಕೊಂಡಿದ್ದ ಕಾಲದಲ್ಲಿ, 1920ರಲ್ಲಿ, ಪುಟ್ಟ ಹುಡುಗನಾಗಿ ಬೇರೆ ಯಾರದೋ ಹೆಸರಿನ ಕಾಗದ ಹಿಡಿದು ಒಳಗೆ ಬಂದವರು. ಆ ಕಾಡು ಅಮೆರಿಕದ್ದು ಅಂತ ಒಪ್ಪಿಕೊಂಡವರು ಈಗ ಉಸಾಗಿಯ ಮೂಗು ಅಳೆಯುತ್ತಿದ್ದಾರೆ.

ಹಾಗಂತ ಎರಡನೇ ಗುಂಪಿನವರನ್ನು ಸುಮ್ಮನೆ ಬಿಡುವ ಹಾಗಿಲ್ಲ. ಬರೀ ಗೆರೆ, ಜನಾಂಗವೇ ಇಲ್ಲ ಅನ್ನುತ್ತಾರಲ್ಲ, ಅದು ಪಾತ್ರ ಜಪಾನಿನವರದ್ದಾಗಿರುವವರೆಗೆ ಮಾತ್ರ. ಹೊರಗಿನವನು ಬಂದ ತಕ್ಷಣ ಗೆರೆಗೆ ಎಲ್ಲವೂ ನೆನಪಾಗುತ್ತದೆ. ಅಮೆರಿಕದವನಿಗೆ ಚೌಕಾಕಾರದ ದವಡೆ. ಚೀನಾದವಳಿಗೆ ಎರಡು ಗಂಟು ಕೂದಲು, ವಿಚಿತ್ರವಾದ ಮಾತು. ನಮ್ಮವರು ಬಂದರೋ, ಕರಿ! ‘ಬ್ಲ್ಯಾಕ್ ಬಟ್ಲರ್’ನಲ್ಲಿ ಬಂಗಾಳದ ರಾಜಕುಮಾರ ಲಂಡನ್ನಿಗೆ ಬರುತ್ತಾನೆ. ಅವನ ಸೇವಕ ಕರಿ ಮಾಡುವ ಸ್ಪರ್ಧೆಗೆ ನಿಲ್ಲುತ್ತಾನೆ. ಅಷ್ಟು ದೂರ ಹಡಗಿನಲ್ಲಿ ಬಂದದ್ದು ಒಗ್ಗರಣೆ ಹಾಕೋಕೆ.

ಕಪ್ಪು ಪಾತ್ರಗಳ ಪಾಡು ಇನ್ನೂ ಕಷ್ಟ. ‘ಡ್ರ್ಯಾಗನ್ ಬಾಲ್’ನ ಮಿಸ್ಟರ್ ಪೋಪೋಗೆ ಇದ್ದಿಲಿನಂಥ ಮೈ, ದಪ್ಪ ಕೆಂಪು ತುಟಿ. ಪೋಕೆಮಾನ್‌ನ ಜಿಂಕ್ಸ್‌ಗೂ ಹಾಗೆಯೇ. ಕಪ್ಪು ಜನರನ್ನು ಗೇಲಿ ಮಾಡುವ ಹಳೆಯ ವೇಷದ ನಕಲು ಇದು ಅಂತ ಅಮೆರಿಕದಲ್ಲಿ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪವೇ. ಆದರೆ ಪರಿಹಾರ ನೋಡಿ. ಜಿಂಕ್ಸ್‌ಗೆ ನೇರಳೆ ಬಣ್ಣ ಬಳಿದರು. ಪೋಪೋಗೆ ಅಮೆರಿಕದ ಒಂದು ವಾಹಿನಿಯಲ್ಲಿ ಅಚ್ಚನೀಲಿ ಬಳಿದರು. ಮುಖ ಅದೇ, ಸಮಸ್ಯೆ ಮಾತ್ರ ನೀಲಿಯಾಗಿ ಮಾಯ. ಇದನ್ನು ಓದಿದಾಗ ನನಗೆ ಅಂಗಡಿಯ ಕ್ಯಾಲೆಂಡರುಗಳು ನೆನಪಾದವು. ರಾಮನೂ ಕೃಷ್ಣನೂ ಕಪ್ಪು ಅಂತ ಪುರಾಣ ಹೇಳಿದರೂ, ಕಪ್ಪು ಹಚ್ಚೋಕೆ ಕೈ ಬಾರದೆ ನಮ್ಮ ಚಿತ್ರಕಾರರು ಎಂದೋ ನೀಲಿ ಡಬ್ಬಿ ತೆಗೆದಿದ್ದರು. ಈ ವಿದ್ಯೆಯಲ್ಲಿ ನಾವೇ ಸೀನಿಯರ್.

ನೀಲಿ ಡಬ್ಬಿಯೂ ಸಿಗದೆ ಹೋದ ಒಂದು ದಿನ ಇದೆ. 2019ರ ಜನವರಿ. ಕಪ್ ನೂಡಲ್ಸ್ ಮಾಡುವ ನಿಸ್ಸಿನ್ ಕಂಪನಿ ಟೆನಿಸ್ ತಾರೆ ನವೋಮಿ ಒಸಾಕಾ ಅವರನ್ನು ಅನಿಮೆ ಶೈಲಿಯ ಜಾಹೀರಾತಿನಲ್ಲಿ ತೋರಿಸಿತು. ಅವರು ಹುಟ್ಟಿದ್ದು ಜಪಾನಿನ ಒಸಾಕಾ ಊರಿನಲ್ಲೇ, ತಾಯಿ ಜಪಾನಿನವರು, ತಂದೆ ಹೈಟಿಯವರು. ಜಾಹೀರಾತಿನಲ್ಲಿ ಬಂದವಳು ಬೆಳ್ಳಗಿನ ಹುಡುಗಿ. ಒಸಾಕಾ ಅವರ ಕಂದುಬಣ್ಣವೂ ಇಲ್ಲ, ಗುಂಗುರು ಕೂದಲೂ ಇಲ್ಲ. ಅಲ್ಲ, ಬಣ್ಣವೇ ಇಲ್ಲದ ಶೈಲಿ ಅಂದಿದ್ದರಲ್ಲ? ಸಾವಿರ ಬಣ್ಣದ ಡಬ್ಬಿಯಲ್ಲಿ ಗುಲಾಬಿ ಕೂದಲಿಗೆ, ಹಸಿರು ಕೂದಲಿಗೆ, ನೀಲಿ ಅಮ್ಮಂದಿರಿಗೆ ಎಲ್ಲಕ್ಕೂ ಬಣ್ಣ ಸಿಕ್ಕಿತು. ದೇಶವೇ ತಲೆಮೇಲೆ ಹೊತ್ತು ಮೆರೆಸುತ್ತಿದ್ದ ಹುಡುಗಿಯ ಕಂದು ಮಾತ್ರ ಸ್ಟಾಕ್ ಇರಲಿಲ್ಲ. ಗಲಾಟೆಯಾಯಿತು. ಬೆಳ್ಳಗೆ ಮಾಡುವ ಉದ್ದೇಶ ಇರಲಿಲ್ಲ ಅಂತ ಕಂಪನಿ ಕ್ಷಮೆ ಕೇಳಿ ಜಾಹೀರಾತು ವಾಪಸ್ ತಗೊಂಡಿತು. ನನ್ನ ಮೈಬಣ್ಣ ನೋಡಿದರೇ ಗೊತ್ತಾಗುತ್ತಲ್ಲ ಅನ್ನುವ ಅರ್ಥದಲ್ಲಿ ಅವರು ಒಂದು ಮಾತಾಡಿ, ಅದೇ ವಾರ ಆಸ್ಟ್ರೇಲಿಯನ್ ಓಪನ್ ಗೆದ್ದರು.

ಮುಖದ ಜಗಳ ಹೀಗಾದರೆ ಊರಿನ ಜಗಳ ಇನ್ನೊಂದು. ಯಾವುದು ಅಸಲಿ ಅನಿಮೆ? ಜಪಾನಿನಲ್ಲಿ ಅನಿಮೆ ಅಂದರೆ ‘ಆನಿಮೇಶನ್’ ಪದದ ಮೊಟಕು ಅಷ್ಟೇ. ಅಲ್ಲಿ ಮಿಕ್ಕಿ ಮೌಸ್ ಕೂಡ ಅನಿಮೆಯೇ. ಹೊರಗಿನ ಭಕ್ತರಿಗೆ ಇದು ಸಾಲದು. 2005ರ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ನೋಡೋಕೆ ಅನಿಮೆಯ ಹಾಗೇ ಇದ್ದರೂ ಅಮೆರಿಕದವರದು, ಹಾಗಾಗಿ ಮಡಿಯಲ್ಲ, ಒಳಗೆ ಬರುವಂತಿಲ್ಲ. ಆದರೆ ಅದನ್ನು ಬಿಡಿಸಿದವರಲ್ಲಿ ದಕ್ಷಿಣ ಕೊರಿಯಾದ ಡಿಆರ್ ಮೂವಿ ಸ್ಟುಡಿಯೋ ಒಂದು. ಅಪ್ಪಟ ಜಪಾನಿನ ಅನಿಮೆಗಳಿಗೂ ಅದೇ ಸ್ಟುಡಿಯೋ ವರ್ಷಗಟ್ಟಲೆ ಕೆಲಸ ಮಾಡಿದೆ. ಅದೇ ಕೈ, ಅದೇ ಮೇಜು. ಬೆಳಿಗ್ಗೆ ಬಿಡಿಸಿದ್ದು ಮಡಿ, ಮಧ್ಯಾಹ್ನ ಬಿಡಿಸಿದ್ದು ಮೈಲಿಗೆ.

ಅದೂ ಹೋಗಲಿ. 2023ರ ಕೊನೆಯಲ್ಲಿ ಉತ್ತರ ಕೊರಿಯಾದ ಒಂದು ಸರ್ವರ್ ಬೀಗ ಹಾಕದೆ ಬಿಟ್ಟದ್ದು ಸಂಶೋಧಕರ ಕಣ್ಣಿಗೆ ಬಿತ್ತು. ಒಳಗೆ ಕ್ಷಿಪಣಿಯ ನಕ್ಷೆ ಇರಲಿಲ್ಲ. ಕಾರ್ಟೂನ್ ಇತ್ತು! ಒಂದು ಅಮೆರಿಕದ ಸರಣಿ, ಒಂದು ಜಪಾನಿನ ಅನಿಮೆ, ಜೊತೆಗೆ ಪಾತ್ರದ ತಲೆಯ ಆಕಾರ ತಿದ್ದಿ ಅನ್ನುವಂಥ ಸೂಚನೆಗಳು, ಚೀನೀ ಭಾಷೆಯಲ್ಲಿ, ಪಕ್ಕದಲ್ಲೇ ಕೊರಿಯನ್ ಅನುವಾದ. ಕೆಲಸ ಕೊಟ್ಟ ಕಂಪನಿಗಳಿಗೆ ಇದು ಗೊತ್ತಿತ್ತು ಅನ್ನೋಕೆ ಸಾಕ್ಷಿ ಸಿಗಲಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಸಬ್‌ಕಾಂಟ್ರಾಕ್ಟ್ ಆಗುತ್ತಾ ಹೋದರೆ ಕೊನೆಗೆ ಎಲ್ಲಿ ಮುಟ್ಟುತ್ತದೆ ಅಂತ ರಸ್ತೆ ಡಾಂಬರು ನೋಡಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮೂಲ ದೇಶದ ಪ್ರಮಾಣಪತ್ರ ಕೇಳುವವರಿಗೆ ನನ್ನ ಇಷ್ಟದ ಉದಾಹರಣೆ ‘ಸೋಲೋ ಲೆವೆಲಿಂಗ್’. ಕಥೆ ಕೊರಿಯಾದ್ದು, ಮಾಡಿದ್ದು ಜಪಾನಿನ ಸ್ಟುಡಿಯೋ. ನಾಯಕನ ಹೆಸರು ಹೊರದೇಶದವರಿಗೆ ಸುಂಗ್ ಜಿನ್-ವೂ. ಜಪಾನಿನ ಟಿವಿಯಲ್ಲಿ ಅವನೇ ಮಿಜುಶಿನೋ ಶುನ್. ಮುಖದ ಒಂದು ಗೆರೆಯೂ ಬದಲಾಗಿಲ್ಲ. ಅಲ್ಲಿಗೆ ಅನಿಮೆ ಮುಖ ನೋಡಿ ದೇಶ ಹೇಳುತ್ತೇನೆ ಅನ್ನುವ ಜ್ಯೋತಿಷಿಗಳೆಲ್ಲ ಅಂಗಡಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ.

ಹಾಲಿವುಡ್ ಬಗ್ಗೆ ಜಾಸ್ತಿ ಹೇಳಲ್ಲ. 2017ರಲ್ಲಿ ತೆರೆಗೆ ಬಂದ ‘ಘೋಸ್ಟ್ ಇನ್ ದಿ ಶೆಲ್’ನ ಮೊಟೊಕೊ ಕುಸನಾಗಿ ಪಾತ್ರಕ್ಕೆ ಸ್ಕಾರ್ಲೆಟ್ ಜೊಹಾನ್ಸನ್ ಅವರನ್ನು ಹಾಕಿದಾಗ ದೊಡ್ಡ ರಾದ್ಧಾಂತ. ಹಳೆಯ ಅನಿಮೆಯ ನಿರ್ದೇಶಕ ಮಮೊರು ಒಶಿಯಿ, ಅವಳದು ಯಂತ್ರದ ಮೈ, ಯಾರು ಮಾಡಿದರೇನು ಅಂದರು. ಜಪಾನಿನಲ್ಲಿ ಕೂತು ಹಾಗೆ ಹೇಳುವುದು ಸುಲಭ, ಅಲ್ಲಿ ತೆರೆ ತುಂಬಾ ಜಪಾನಿನ ನಾಯಕಿಯರೇ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಏಷ್ಯಾ ಮೂಲದ ನಟಿಗೆ ವರ್ಷಕ್ಕೊಂದು ಪಾತ್ರ ಸಿಕ್ಕರೆ ಪುಣ್ಯ, ಅದೂ ಹೀಗೆ ಹೋದರೆ ಸಿಟ್ಟು ಬರಲ್ವಾ? ಅದೇ ವರ್ಷ ಜಪಾನಿನವರು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ತೆಗೆದು, ಎಡ್ವರ್ಡ್ ಎಲ್ರಿಕ್ ಪಾತ್ರಕ್ಕೆ ತಮ್ಮ ಹುಡುಗನಿಗೇ ಹಳದಿ ಕೂದಲು ಮಾಡಿ ನಿಲ್ಲಿಸಿದರು. ಎಡ್ವರ್ಡ್ ಕಡೆಯವರು ಯಾರೂ ದೂರು ಕೊಟ್ಟ ಹಾಗಿಲ್ಲ.

ನಕ್ಕಿದ್ದು ಸಾಕು, ನಮ್ಮ ಮನೆಯ ಕಥೆಗೂ ಬರೋಣ. 1983ರಲ್ಲಿ ಯುಗೋ ಸಾಕೋ ಎಂಬ ಜಪಾನಿನವರು ಭಾರತಕ್ಕೆ ಬಂದು ರಾಮಾಯಣಕ್ಕೆ ಮರುಳಾದರು, ಅನಿಮೆ ಮಾಡುತ್ತೇನೆ ಅಂತ ಹೊರಟರು. ವಿದೇಶಿಯರು ನಮ್ಮ ರಾಮಾಯಣವನ್ನು ಮನಬಂದಂತೆ ಸಿನಿಮಾ ಮಾಡುವ ಹಾಗಿಲ್ಲ ಅಂತ ಇಲ್ಲಿನ ಸಂಘಟನೆಯೊಂದು ಜಪಾನಿನ ರಾಯಭಾರ ಕಚೇರಿಗೆ ಪತ್ರ ಬರೆಯಿತು. ಕೊನೆಗೆ ಚಿತ್ರ ಬಹುತೇಕ ಜಪಾನಿನಲ್ಲೇ ತಯಾರಾಯಿತು. ನಮ್ಮ ರಾಮ್ ಮೋಹನ್ ನಿರ್ದೇಶನಕ್ಕೆ ಕೈಜೋಡಿಸಿದರು. ಪಂಚೆ ಉಡುವುದು ಹೇಗೆ, ಚಿಕ್ಕವರು ದೊಡ್ಡವರಿಂದ ಆಶೀರ್ವಾದ ಪಡೆಯುವುದು ಹೇಗೆ ಅಂತ ಇಲ್ಲಿನ ಕಲಾವಿದರು ಅಲ್ಲಿಯವರಿಗೆ ಕೂರಿಸಿಕೊಂಡು ಹೇಳಿಕೊಟ್ಟರಂತೆ. 1993ರಲ್ಲಿ ಇಲ್ಲಿನ ಚಿತ್ರೋತ್ಸವದಲ್ಲಿ ತೋರಿಸಿದರು. ಆಮೇಲೆ ಟಿವಿಯಲ್ಲಿ ನೋಡಿ ಬೆಳೆದ ಮಕ್ಕಳು ಈಗ ಅಪ್ಪ-ಅಮ್ಮ ಆಗಿದ್ದಾರೆ. 2025ರ ಜನವರಿಯಲ್ಲಿ ಅದು ಹೊಸದಾಗಿ ಥಿಯೇಟರಿಗೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು.

ಅಮ್ಮನನ್ನು ಕರೆದುಕೊಂಡು ಹೋದೆವು. ನಮಗೆ ಸಿಕ್ಕಿದ್ದು ಹಿಂದಿ ಶೋ. ಹಿಂದಿನ ವರ್ಷವಷ್ಟೇ ಮಂಡಿನೋವು ಇಟ್ಟುಕೊಂಡೇ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬಂದವಳು ಅಮ್ಮ. ಎರಡೂ ಕಾಲು ಗಂಟೆ ಒಂದು ಮಾತಾಡದೆ ನೋಡಿದಳು. ಹೊರಗೆ ಬಂದಮೇಲೆ ಅಕ್ಕನ ಮಗ ಕಾಯಲಾರದೆ ಕೇಳಿದ.

“ಹೆಂಗಿತ್ತು ಅಜ್ಜಿ? ಜಪಾನಿನವರು ಮಾಡಿದ್ದು, ಗೊತ್ತಾ?”

“ಪಂಚೆ ಚೆನ್ನಾಗೇ ಉಡಿಸಿದ್ದಾರೆ ಕಣೋ.”

ಮೆಟ್ಟಿಲು ಇಳಿಯುತ್ತಾ ಅರ್ಧದಲ್ಲಿ ನಿಂತಳು.

“ಅಲ್ಲಾ, ಆಂಜನೇಯ ಯಾಕೆ ಹಿಂದೀಲಿ ಮಾತಾಡ್ತಾನೆ? ಅವನು ಇಲ್ಲೇ ಆನೆಗೊಂದಿಯವನಲ್ವಾ?”

ಅಕ್ಕನ ಮಗ ನನ್ನ ಮುಖ ನೋಡಿದ. ನಾನು ಫೋನ್ ತೆಗೆದು ಆಟೋ ಹುಡುಕತೊಡಗಿದೆ.