ನಡೆಯಲು ಬರುತ್ತದೆ, ಆದರೂ ವೀಲ್‌ಚೇರ್ ಬೇಕು

ಬೆಂಗಳೂರಿನ ಕೆಲಸ ಬಿಟ್ಟು ಜರ್ಮನಿಯ ಮ್ಯೂನಿಕ್‌ಗೆ ಬಂದಾಗಿನಿಂದ ಮೈಸೂರಿನ ನೆಂಟರು ಫೋನ್ ಮಾಡಿದಾಗಲೆಲ್ಲ ಕೇಳುವುದು ಸಂಬಳ ಎಷ್ಟು, ಚಳಿ ಹೇಗಿದೆ ಅಂತ. ಚಳಿ ತಡೆಯಬಹುದು. ಸಂಬಳದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಅಂತ ಕೈಗೆ ಸಿಗುವ ಮೊದಲೇ ಹೋಗುತ್ತದೆ. ಇನ್ನು ಕೆಲಸ ಬದಲಿಸಿದ ಕಥೆ. ಬೆಂಗಳೂರಿನ ಕಂಪನಿಯಿಂದ ಬಿಡಿಸಿಕೊಳ್ಳಲು 90 ದಿನದ ನೋಟಿಸ್ ಪೀರಿಯಡ್. ಇಲ್ಲಿ ಮೊದಲ 6 ತಿಂಗಳ ಪ್ರೊಬೇಷನ್‌ನಲ್ಲಿ 2 ವಾರದ ನೋಟಿಸ್ ಕೊಟ್ಟು ಅವರೂ ಕಳಿಸಬಹುದು, ನಾವೂ ಹೊರಡಬಹುದು. ಇದೆಲ್ಲ ನಮ್ಮ ವಯಸ್ಸಿನವರಿಗೆ ಹೇಗೋ ಆಗುತ್ತದೆ ಬಿಡಿ.

ತಲೆನೋವು ಅಂದರೆ ಅಪ್ಪ ಅಮ್ಮ ಇಲ್ಲಿಗೆ ಬಂದು ಹೋಗುವುದು.

ಈಚೆಗೆ ಒಂದು ಜೋಕ್ ತುಂಬಾ ಓಡಾಡುತ್ತಿದೆ. ಇಂಡಿಯಾದಿಂದ ಹೊರಡುವ ಫ್ಲೈಟ್‌ಗಳಲ್ಲಿ ಹತ್ತುವಾಗ ವೀಲ್‌ಚೇರ್‌ಗಳ ಸಾಲು, ಇಳಿಯುವಾಗ ಎಲ್ಲರಿಗೂ ಕಾಲು ಬಂದುಬಿಡುತ್ತದೆ ಅಂತ. ನಗುವವರಲ್ಲಿ ನಮ್ಮವರೇ ಜಾಸ್ತಿ. ನಮ್ಮ ಅಮ್ಮನಿಗೂ ನಾನು ವೀಲ್‌ಚೇರ್ ಹೇಳಿಯೇ ಟಿಕೆಟ್ ಬುಕ್ ಮಾಡುವುದು. ಅಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹೆಂಗಸು. ಕಾಲಿಗೆ ಏನೂ ಆಗಿಲ್ಲ. ಆದರೆ ದೋಹಾದಲ್ಲಿ ಫ್ಲೈಟ್ ಬದಲಿಸಬೇಕು, ಗೇಟ್ ನಂಬರ್ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ, ಬೋರ್ಡ್ ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ, ಫೋನ್‌ಗೆ ಅಲ್ಲಿನ ವೈಫೈ ಹಿಡಿಯುವುದಿಲ್ಲ. ವೀಲ್‌ಚೇರ್ ತಳ್ಳುವ ಹುಡುಗನಿಗೆ ದಾರಿ ಗೊತ್ತು. ಅಮ್ಮನಿಗೆ ಬೇಕಿರುವುದು ಆ ಹುಡುಗ, ಕುರ್ಚಿ ಅಲ್ಲ.

ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರಿಂದ ನೇರ ಫ್ಲೈಟ್ ಇದೆ ಅಲ್ವಾ ಅನ್ನಬಹುದು. ಇದೆ, ಮಕ್ಕಳ ಬೇಸಿಗೆ ರಜೆಯಲ್ಲಿ ಅದರ ಬೆಲೆಯೂ ಒಮ್ಮೆ ನೋಡಿ.

ವಿಮಾನದ ವೇಗ ನೋಡಿದರೆ, 1958ರಲ್ಲಿ ಬೋಯಿಂಗ್ 707 ಬಂದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಈಗಲೂ ಅಷ್ಟೇ. ಬದಲಾಗಿರುವುದು ನೆಲದ ಮೇಲಿನ ಕೆಲಸ. ಮೊದಲು ಕೌಂಟರಿನಲ್ಲಿ ಕೂತವರು ಮಾಡುತ್ತಿದ್ದುದನ್ನು ಈಗ ನಾವೇ ಮಾಡಬೇಕು. ವೆಬ್ ಚೆಕ್-ಇನ್ ನಾವೇ, ಸೀಟು ಆರಿಸುವುದು ನಾವೇ (ಅದಕ್ಕೆ ದುಡ್ಡು ಬೇರೆ), ಬ್ಯಾಗಿಗೆ ಟ್ಯಾಗ್ ಅಂಟಿಸುವುದೂ ಎಷ್ಟೋ ಕಡೆ ನಾವೇ. ಇಲ್ಲಿಗೆ ಇಳಿದ ಮೇಲೂ, 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ವ್ಯವಸ್ಥೆಯಲ್ಲಿ, ಹೊರಗಿನಿಂದ ಸ್ವಲ್ಪ ದಿನಕ್ಕೆ ಬರುವವರು ಬೆರಳಚ್ಚು, ಫೋಟೋ ಕೊಡಬೇಕು. ಹೀಗೆ ಎಲ್ಲ ನಾವೇ ಮಾಡಿಕೊಳ್ಳುವುದರಿಂದ ನನಗೆ ಅನುಕೂಲವೇ ಆಗಿದೆ, ಸುಳ್ಳು ಹೇಳಲ್ಲ. ಟಿಕೆಟ್ ಅಗ್ಗವಾಗಿದ್ದಕ್ಕೆ ತಾನೇ ನಮ್ಮಂಥ ಮನೆಯವರು ವಿಮಾನ ಹತ್ತಿದ್ದು. ಕಾಲು ಚಾಚಲು ಜಾಗ ಇಲ್ಲ ಅಂತ ಗೊಣಗುವ ಬಳಗಕ್ಕೆ ನಾನು ಸೇರುವುದಿಲ್ಲ. ಆದರೆ ಅಗ್ಗ ಮಾಡುವಾಗ ಮೊದಲು ತೆಗೆದಿದ್ದು ಮನುಷ್ಯರನ್ನು.

ಗಂಟು ಕಟ್ಟುವಾಗಲೂ ಅಷ್ಟೇ, ಕೇಳಿ ತಿಳಿದುಕೊಳ್ಳಲು ಯಾರೂ ಇಲ್ಲ. ಕೊಬ್ಬರಿ ಬ್ಯಾಗಿನಲ್ಲಿ ಹಾಕುವಂತಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದಂತೆ, ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಹಾಲಿನಿಂದ ಮಾಡಿದ್ದನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ, ಅಂದರೆ ಧಾರವಾಡ ಪೇಡೆ ಕಾನೂನಿನ ಪ್ರಕಾರ ಕಳ್ಳ ಮಾಲು. ಕರಿಬೇವಿಗೂ ಗಿಡಗಳ ಆರೋಗ್ಯದ ಸರ್ಟಿಫಿಕೇಟ್ ಬೇಕು. ಹಾಗಾದರೆ ಸರ್ಟಿಫಿಕೇಟ್ ಇಲ್ಲದೆ ತರಬಹುದಾದ ಹಣ್ಣು ಯಾವುದು? ಬಾಳೆಹಣ್ಣು, ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್. ತೆಂಗಿನಕಾಯಿಗೆ ಯುರೋಪಿನ ತಕರಾರಿಲ್ಲ, ಅದನ್ನೇ ಒಣಗಿಸಿದರೆ ವಿಮಾನದವರದು ತಕರಾರು! ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿ ನೋಡಿ.

ಸರಿ, ವೀಲ್‌ಚೇರ್‌ಗೆ ಬರೋಣ. ನಿಜವಾಗಿ ನಡೆಯಲಾಗದವರು ಇದರಿಂದ ಕಾಯಬೇಕಾಗುತ್ತದೆ ಅನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುತ್ತೇನೆ. ಮಂಡಿ ಆಪರೇಷನ್ ಆದವರೊಬ್ಬರು ವಿಮಾನದ ಬಾಗಿಲಲ್ಲೇ ಕುರ್ಚಿಗಾಗಿ ನಿಂತಿದ್ದನ್ನು ನೋಡಿದ್ದೇನೆ, ನೋಡಲಾಗಲಿಲ್ಲ. ಹಾಗಂತ ದಂಡ ಹಾಕಿ, ದುಡ್ಡು ವಸೂಲಿ ಮಾಡಿ ಅನ್ನುವವರು ಒಂದು ವಿಷಯ ಯೋಚಿಸಬೇಕು. ಒಂಟಿಯಾಗಿ ಹೋಗುವ ಮಗುವಿನ ಜೊತೆಗೆ ಎಷ್ಟೋ ವಿಮಾನ ಕಂಪನಿಗಳು ದುಡ್ಡು ತೆಗೆದುಕೊಂಡು ಒಬ್ಬರನ್ನು ಕಳಿಸುತ್ತವೆ. ಕೈ ಹಿಡಿದು ಕರೆದುಕೊಂಡು ಹೋಗಿ ಒಪ್ಪಿಸುತ್ತವೆ. ಇಂಗ್ಲಿಷ್ ಬಾರದ ವಯಸ್ಸಾದವರಿಗೆ ಅದನ್ನೇ ಬುಕಿಂಗ್ ಪುಟದಲ್ಲಿ ಕಾಣುವ ಹಾಗೆ ಯಾಕೆ ಕೊಡಬಾರದು? ಬುಕಿಂಗ್ ವ್ಯವಸ್ಥೆಯಲ್ಲಿ ಇದಕ್ಕೆ ಕೋಡ್ ಕೂಡ ಇದೆ, ಎಂಎಎಎಸ್ (MAAS) ಅಂತ, ಸುಮ್ನೆ ಎದುರುಗೊಂಡು ಜೊತೆಗೆ ಹೋಗಿ ಸಹಾಯ ಮಾಡುವುದಕ್ಕೆ. ಕುರ್ಚಿಯ ಮಾತೇ ಇಲ್ಲ ಅದರಲ್ಲಿ. ವೆಬ್‌ಸೈಟಿನಲ್ಲಿ ಮಾತ್ರ ನನಗೆ ಕಾಣಿಸಿದ್ದು ವೀಲ್‌ಚೇರ್ ಆಯ್ಕೆ ಒಂದೇ. ಜನ ಸಿಕ್ಕಿದ್ದನ್ನು ಒತ್ತುತ್ತಾರೆ, ಇನ್ನೇನು ಮಾಡುತ್ತಾರೆ?

ಅಪ್ಪ ಅಮ್ಮ ಮೇನಲ್ಲಿ ಬರುವವರಿದ್ದಾರೆ. ವೀಸಾ ಪ್ರಕಾರ 180 ದಿನದಲ್ಲಿ 90 ದಿನ ಇರಬಹುದು, 30,000 ಯೂರೋ ಮೊತ್ತದ ಆರೋಗ್ಯ ವಿಮೆ ಆಗಿದೆ, ಖರ್ಚು ನನ್ನದು ಅಂತ ಇಲ್ಲಿನ ಕಚೇರಿಯಲ್ಲಿ ಬರೆದುಕೊಟ್ಟೂ ಆಗಿದೆ. ಬೆಂಗಳೂರಿನಿಂದ ಹೊರಟವರು ಯಾರಾದರೂ ಕುರ್ಚಿ ಇಲ್ಲದೆ ಬರೀ ಜೊತೆಗಾರರನ್ನು ಕೇಳಿ ಪಡೆದಿದ್ದರೆ, ಯಾವ ಏರ್‌ಲೈನ್, ಫೋನ್ ಮಾಡಿ ಕೇಳಬೇಕಾ ಅಥವಾ ಕೌಂಟರಿನಲ್ಲೇ ಆಗುತ್ತದಾ, ಸ್ವಲ್ಪ ತಿಳಿಸಿ. ಟಿಕೆಟ್ ಈ ವಾರವೇ ಮಾಡಬೇಕು.