ಸಮುದ್ರಕ್ಕೆ ಬೆನ್ನು ಹಾಕಿ

ಕೊಡಗಿನಲ್ಲಿ ಕಾಫಿ ತೋಟ ಇಟ್ಟುಕೊಂಡವರಿಗೆ ಪ್ರವಾಸ ಹೋಗಲು ದುಡ್ಡು ಹೇಗೋ ಹೊಂದುತ್ತದೆ, ತಿಂಗಳು ಹೊಂದುವುದಿಲ್ಲ. ಮಂಗಳೂರಿನಿಂದ ಗೋಕರ್ಣದವರೆಗೆ ಕಡಲ ಪಕ್ಕದಲ್ಲೇ ಕಾರಲ್ಲಿ ಹೋಗಿಬರೋಣ ಎಂದು ನಾನು ಬಾಯಿ ಬಿಟ್ಟಿದ್ದೇ ತಡ, ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ಮುಂದಿಟ್ಟರು. ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು, ಜನವರಿಯಲ್ಲಿ ರೋಬಸ್ಟಾ, ಆಮೇಲೆ ಕಣದಲ್ಲಿ ಹರಡಿದ್ದು ಒಣಗುವವರೆಗೆ ಕಾವಲು. ಏಪ್ರಿಲ್, ಮೇ ಮದುವೆಗಳಿಗೆ ಮತ್ತು ಬೆಂಗಳೂರಿನ ನೆಂಟರಿಗೆ ಮೀಸಲು. ಅವರು ಬಂದು ಜಗಲಿಯಲ್ಲಿ ಕೂತು "ಆಹಾ, ಎಂಥಾ ತಂಪು! ನಿಮಗೇನ್ರೀ, ವರ್ಷವಿಡೀ ರಜೆ" ಅನ್ನುತ್ತಾರೆ. ಒಳಗೆ ನಾನು ಹದಿನಾಲ್ಕು ಜನಕ್ಕೆ ಅಕ್ಕಿ ರೊಟ್ಟಿ ತಟ್ಟುತ್ತಿರುತ್ತೇನೆ.

ಜೂನ್, ಜುಲೈ ಹೇಗೆ ಅಂದೆ. ಆಗ ಘಾಟಿಯ ಕಥೆ ಹೇಳುವುದೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಬಂದಾದ ಮೇಲೆ, ಮಳೆಗಾಲದಲ್ಲಿ ಅತ್ತೆಯ ಎದುರು ಸಂಪಾಜೆಯ ಹೆಸರೆತ್ತುವ ಹಾಗಿಲ್ಲ. ಹೋದರೂ ಸಿಗುವುದೇನು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯೂ ಇಲ್ಲ. ಅಕ್ಟೋಬರ್ ಬಂದರೆ ತಲಕಾವೇರಿಯ ತೀರ್ಥೋದ್ಭವ, ಮಡಿಕೇರಿ ದಸರಾ. ಅದರ ಹಿಂದೆಯೇ ಭತ್ತದ ಕೊಯ್ಲು, ಹುತ್ತರಿ. ಜರಡಿ ಹಿಡಿದು ನೋಡಿದಾಗ ಉಳಿದದ್ದು ಫೆಬ್ರವರಿಯ ಕೊನೆ. ಕುಯ್ಲು ಮುಗಿದಿರುತ್ತದೆ, ಕಾಫಿ ಮೊಗ್ಗು ಅರಳಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ. ದೇವರು ಅದನ್ನು ನನಗೆಂದೇ ಬಿಟ್ಟುಕೊಟ್ಟಿದ್ದಾನೆ ಅಂದುಕೊಂಡೆ.

ಮೈಸೂರಿನಲ್ಲಿ ಓದುತ್ತಿರುವ ಮಗಳು ಫೋನಿನಲ್ಲೇ ಪಟ್ಟಿ ಕಳಿಸಿದಳು. ಪಡುಬಿದ್ರಿ ಬೀಚು, ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಮರವಂತೆಯ ಸೂರ್ಯಾಸ್ತ, ಮುರ್ಡೇಶ್ವರದ 123 ಅಡಿಯ ಶಿವ, ಗೋಕರ್ಣದ ಓಂ ಬೀಚು. ಮಾವ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಳ್ಳೆಯ ಪಟ್ಟಿ ಎಂದು ಮೆಚ್ಚಿ, ನಡುನಡುವೆ ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ, ಆನೆಗುಡ್ಡೆ, ಕೊಲ್ಲೂರು, ಇಡಗುಂಜಿ ಸೇರಿಸಿದರು. ಈಗ ನೀರು ನೋಡಲು ಪುರುಸೊತ್ತು ಇದ್ದದ್ದು ದೇವಸ್ಥಾನದ ಬಾಗಿಲು ಹಾಕಿದ ಮಧ್ಯಾಹ್ನದ ಹೊತ್ತಿನಲ್ಲಿ ಮಾತ್ರ. ದರ್ಶನಕ್ಕೆ ಮೊದಲು ಮೀನು ಮುಟ್ಟುವ ಹಾಗಿಲ್ಲವಾದ್ದರಿಂದ ಮೀನೂಟ ವಾಪಸು ಬರುವ ದಿನಕ್ಕೆ ಹೋಯಿತು. ವಾಪಸು ಬರುವ ದಿನ ಸೋಮವಾರ. ಸೋಮವಾರ ಅತ್ತೆ ಮೀನಿನ ಮಾತೂ ಆಡುವುದಿಲ್ಲ.

ದಾರಿಯ ಚರ್ಚೆಗೆ ಪಕ್ಕದ ತೋಟದವರೂ ಬಂದು ಕೂತರು. ಸೋಮವಾರಪೇಟೆಯಿಂದ ಕೆಳಗಿಳಿಯಲು ಸಂಪಾಜೆಯೋ, ಬಿಸಿಲೆಯೋ, ಸಕಲೇಶಪುರಕ್ಕೆ ಹೋಗಿ ಶಿರಾಡಿಯೋ? ಒಬ್ಬರು ಬಿಸಿಲೆಯಲ್ಲಿ ಆನೆ ಅಂದರು, ಇನ್ನೊಬ್ಬರು ಶಿರಾಡಿಯಲ್ಲಿ ಲಾರಿ ಅಂದರು. ಸಮುದ್ರವೇ ಬೇಕಾದರೆ ವಿರಾಜಪೇಟೆ, ಮಾಕುಟ್ಟ ದಾಟಿ ಕಣ್ಣೂರಿಗೆ ಹೋಗಿ, ಅಲ್ಲಿ ಮುಳಪ್ಪಿಲಂಗಾಡಿನ ಮರಳಿನ ಮೇಲೇ ಕಾರು ಓಡಿಸಬಹುದು ಅಂತ ಮೂರನೆಯವರು. ಎರಡು ಸುತ್ತು ಕಾಫಿ ಖಾಲಿಯಾಯಿತು. ಕಾರು ಓಡಿಸಬೇಕಾದವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಸಂಪಾಜೆ ಅಂತ ಮನಸ್ಸಿನಲ್ಲೇ ಅಂದುಕೊಂಡು ಲೋಟ ತೆಗೆದೆ.

ಹೊರಡುವ ಹಿಂದಿನ ಸಂಜೆ ಗುಡುಗಿತು.

ಬೇರೆ ಊರಿನವರಿಗೆ ಇದರ ಗಾಂಭೀರ್ಯ ತಿಳಿಯುವುದು ಕಷ್ಟ. ರೋಬಸ್ಟಾ ಗಿಡದ ಮೊಗ್ಗು ಅರಳಲು ಒಂದೇ ಸಲಕ್ಕೆ ಸರಿಯಾದ ಮಳೆ ಬೀಳಬೇಕು, ಹೆಚ್ಚುಕಡಿಮೆ ಒಂದು ಇಂಚು. ಬೀಳದೇ ಇದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬಹುದು, ನಿಧಾನಕ್ಕೆ. ಆದರೆ ಅರ್ಧಂಬರ್ಧ ಬಿದ್ದರೆ ಮೊಗ್ಗು ಎಚ್ಚರವಾಗುತ್ತದೆ, ಅರಳಲಾರದೆ ಕರಟುತ್ತದೆ. ಆಗ ಹಗಲು ರಾತ್ರಿ ಪಂಪು ಓಡಿಸಿ, ಪೈಪು ಹೊತ್ತು, ನೀರು ಚಿಮ್ಮಿಸುವ ಜೆಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸುತ್ತಾ ಇರಬೇಕು. ಹಾಗಾಗಿ ಮಳೆ ನಿಂತ ಕೂಡಲೇ ಮಾವ ಅಂಗಳಕ್ಕೆ ಇಳಿದರು. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮಳೆಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಉಸಿರು ಬಿಗಿಹಿಡಿದರು. ನೂರು ಸೆಂಟ್ ಆದರೆ ಒಂದು ಇಂಚು.

"ಇಪ್ಪತ್ತೆರಡು" ಅಂದರು, ಟಾರ್ಚ್ ಬಾಯಲ್ಲಿದ್ದದ್ದರಿಂದ ಅದು ಶಾಪದ ಹಾಗೆ ಕೇಳಿಸಿತು.

ಆಮೇಲೆ ಫೋನುಗಳು. ಮಾದಾಪುರದಲ್ಲಿ ಎಷ್ಟು, ಸುಂಟಿಕೊಪ್ಪದಲ್ಲಿ ಎಷ್ಟು, ಶನಿವಾರಸಂತೆಯಲ್ಲಿ ಬಂತಾ. ಎದುರು ಗುಡ್ಡದವರಿಗೆ ಎಪ್ಪತ್ತಂತೆ. ಅವರು ಯಾವತ್ತೂ ಹಾಗೇ ಹೇಳೋದು ಅಂತ ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು. ನಮ್ಮ ಮನೆಯವರು ಮುಖ ಸಣ್ಣ ಮಾಡಿಕೊಂಡು, "ನೀವೆಲ್ಲ ಹೋಗಿ ಬನ್ನಿ, ನಾನು ಜೆಟ್ ನೋಡ್ಕೋತೀನಿ" ಅಂದರು. ದನಿಯಲ್ಲಿ ದುಃಖ ಸ್ವಲ್ಪ ಕಮ್ಮಿಯಿತ್ತು ಅಂತ ನನಗೆ ಆಗಲೇ ಅನ್ನಿಸಿತ್ತು.

ಸಂಪಾಜೆ ಘಾಟಿಯ ತಿರುವುಗಳನ್ನು ಅತ್ತೆ ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು ಕಳೆದರು. ಸ್ವೆಟರ್ ತೆಗೆಯಿರಿ ಅಂದರೆ ಕೇಳಲಿಲ್ಲ. ಸುಳ್ಯದಲ್ಲಿ ಗುಂಡಿ ಬಿಚ್ಚಿದರು, ಪುತ್ತೂರಿನಲ್ಲಿ ತೋಳು ಬಿಡಿಸಿದರು, ಬಿ.ಸಿ. ರೋಡಿನಲ್ಲಿ ಅದರಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು. ಹೆಜಮಾಡಿಯ ಟೋಲಿನಲ್ಲಿ ಗೇಟು ಏಳಲಿಲ್ಲ. ಫಾಸ್ಟ್‌ಟ್ಯಾಗ್‌ಗೆ ದುಡ್ಡು ಹಾಕಿದ್ದೀನಿ ಅಂತ ಪ್ರಮಾಣ ಮಾಡಿದವರು ತೋಟದಲ್ಲಿ ಪೈಪಿನ ಪಕ್ಕ ಇದ್ದರು, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಿಂದೆ ಹಾರ್ನ್‌ಗಳ ಮೆರವಣಿಗೆ. ನಗದು ಕೊಟ್ಟರೆ ದುಪ್ಪಟ್ಟು ಅಂದಿದ್ದಕ್ಕೆ ಮಾವ ಇಳಿದು ಟೋಲಿನ ಹುಡುಗನಿಗೆ ಕಾಫಿ ರೇಟು ಬಿದ್ದಿರುವುದನ್ನು ವಿವರಿಸಲು ಶುರುಮಾಡಿದರು. ನಾನು ದುಪ್ಪಟ್ಟು ಕೊಟ್ಟೆ.

ಇನ್ನು ಸಮುದ್ರ. ಹಿಂದೆ 17 ಆಗಿದ್ದು ಈಗ 66 ಆಗಿರುವ ಈ ಹೆದ್ದಾರಿಯನ್ನು ಕರಾವಳಿ ಹೆದ್ದಾರಿ ಅನ್ನುತ್ತಾರೆ. ಓಡಿಸಿ ನೋಡಿ: ಫ್ಲೈಓವರು, ಟೈಲ್ಸ್ ಅಂಗಡಿ, ಮದುವೆ ಹಾಲು, ತೆಂಗಿನ ಮರ, ಮತ್ತೆ ಟೈಲ್ಸ್ ಅಂಗಡಿ. ಕಡಲು ಸ್ವಲ್ಪ ಆಚೆ ಮುಖ ತೋರಿಸದೆ ಜೊತೆಗೇ ಬರುತ್ತಿರುತ್ತದೆ. ಸಿಗುವುದೆಲ್ಲ ಹೊಳೆ. ಮುಲ್ಕಿಯಲ್ಲಿ ಶಾಂಭವಿ ಬಂದಾಗ ಮಾವ "ಬಂತು ಸಮುದ್ರ" ಅಂದರು. ಅತ್ತೆ ಕೈಮುಗಿದರು. ಉದ್ಯಾವರದಲ್ಲಿ ಮತ್ತೆ "ಬಂತು", ಮತ್ತೆ ಕೈ. ಉಡುಪಿಯಲ್ಲಿ ರಾತ್ರಿ ಕಳೆದು ಮರುದಿನ ಹೊರಟರೆ ಸುವರ್ಣಾ, ಸೀತಾ. ಕುಂದಾಪುರ ದಾಟಿ ಪಂಚಗಂಗಾವಳಿಯ ಸೇತುವೆಗೆ ಬರುವ ಹೊತ್ತಿಗೆ ಅತ್ತೆ "ಯಾವುದಾದ್ರೂ ಆಗ್ಲಿ" ಅಂತ ಕೈಮುಗಿದುಕೊಂಡೇ ಕೂತಿದ್ದರು.

ತ್ರಾಸಿ ದಾಟಿದ ಮೇಲೆ ಮಾತ್ರ ಕಾರಿನಲ್ಲಿ ಎಲ್ಲರೂ ಸುಮ್ಮನಾದರು. ಎಡಗಡೆ ಕಲ್ಲುಗಳಾಚೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ, ನಡುವೆ ನಮ್ಮ ಕಾರು. ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿರುವ ಜಾಗಗಳು ಲೋಕದಲ್ಲಿ ಕಡಿಮೆ, ಇದು ಅಂಥದ್ದು. ಈ ಹೊಳೆ ಇಲ್ಲಿ ಸಮುದ್ರ ಸೇರುವುದಿಲ್ಲ, ಇಷ್ಟು ಹತ್ತಿರ ಬಂದು ತಿರುಗಿ ಗಂಗೊಳ್ಳಿಗೆ ಹೋಗಿ ಸೇರುತ್ತದೆ ಅಂತ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಗೇಟಿನ ತನಕ ಬಂದು ಒಳಗೆ ಬರದೆ ಹೋಗೋದು, ನಿಮ್ಮ ಚಿಕ್ಕಮಾವನ ಥರ" ಅಂದರು.

ಸೂರ್ಯ ಇಳಿಯುತ್ತಿದ್ದ. ಜನ ಎಲ್ಲ ಪಡುವಣಕ್ಕೆ ಫೋನು ಹಿಡಿದು ನಿಂತಿದ್ದರು. ಮಾವ ಮಾತ್ರ ಕಡಲಿಗೂ ಸೂರ್ಯನಿಗೂ ಬೆನ್ನು ಹಾಕಿ, ಒಂದು ಕಿವಿ ಮುಚ್ಚಿಕೊಂಡು, ಅಲೆಗಳ ಸದ್ದಿಗಿಂತ ಜೋರಾಗಿ ಕೂಗುತ್ತಿದ್ದರು.

"ಏ, ಎಷ್ಟು ಸೆಂಟೋ? ತೊಂಬತ್ತಾ? ರಾತ್ರೀನೇ ಬಂತಾ?"

ಅಂದರೆ ನಾವು ಉಡುಪಿಯಲ್ಲಿ ಸೆಕೆಗೆ ಹೊರಳಾಡುತ್ತಿದ್ದಾಗ ಅಲ್ಲಿ ಒಳ್ಳೇ ಮಳೆ ಸುರಿದಿದೆ. ಪಂಪು ಬಂದ್, ಜೆಟ್ಟು ಶೆಡ್ಡಿನಲ್ಲಿ. ನಾನು ಫೋನು ಕಿತ್ತುಕೊಂಡೆ.

"ಹಾಗಾದ್ರೆ ಬೆಳಿಗ್ಗೆ ಬಸ್ ಹತ್ತಿ ಬರಬಹುದಿತ್ತಲ್ಲ!"

"ಎಲ್ಲಿಂದ ಬರೋದು ಮಾರಾಯ್ತಿ, ಮನೆ ತುಂಬ ನೆಂಟರು."

"ಬೆಂಗಳೂರಿನವರಾ?"

"ಅಲ್ಲ, ಮಂಗಳೂರಿಂದ. ಕೆಳಗೆ ವಿಪರೀತ ಸೆಕೆಯಂತೆ, ನಾಲ್ಕು ದಿನ ತಂಪಿಗೆ ಇರೋಣ ಅಂತ ಬಂದ್ರು. ಅದಿರ್ಲಿ, ರೊಟ್ಟಿ ಹಂಚು ಎಲ್ಲಿಟ್ಟಿದೀಯ?"