ಚಿಕ್ಕಪ್ಪನ ಎರಡು ವಯಸ್ಸು

ನಮ್ಮ ಚಿಕ್ಕಪ್ಪನಿಗೆ ಎರಡು ವಯಸ್ಸು. ಒಂದು ಅವನದು, ಇನ್ನೊಂದು ಮೇಷ್ಟ್ರದು. ಎಂಟು ದಾಟಿದರೂ ಎಮ್ಮೆ ಬಾಲ ಹಿಡಿದು ತಿರುಗುತ್ತಿದ್ದವನನ್ನು ಸಾಲಿಗೆ ಹಾಕಿದಾಗ ಮೇಷ್ಟ್ರು ‘ಆರು ಅಂತ ಬರ್ಕಂತೀನಿ, ಮುಂದೆ ಅನುಕೂಲ ಆಗ್ತತಿ’ ಎಂದು 1966ರ ಜೂನ್ 1 ಬರೆದರಂತೆ. ಆ ಅನುಕೂಲ ಚೆನ್ನಾಗಿಯೇ ಆಯಿತು. 58ಕ್ಕೆ ನಿವೃತ್ತಿ ಆಗಬೇಕಾದ ಕೆಲಸದಲ್ಲಿ ಚಿಕ್ಕಪ್ಪ ಅರವತ್ತು ದಾಟುವ ತನಕ ಸಂಬಳ ಎಣಿಸಿದ.

ಹೋದ ಭಾನುವಾರ ದುರ್ಗದಲ್ಲಿ ನೆಂಟರ ಗೃಹಪ್ರವೇಶ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಐದು ಜನ ಹತ್ತಿದೆವು. ಅವ್ವನೂ ನನ್ನ ಹೆಂಡತಿಯೂ ಆಧಾರ್ ತೋರಿಸಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಹರಿಸಿಕೊಂಡರು. 2023ರ ಜೂನ್‌ನಿಂದ ನಮ್ಮ ಮನೆಯ ಹೆಂಗಸರು ಕಂಡಕ್ಟರನ್ನು ತವರುಮನೆಯವನಂತೆ ನೋಡುತ್ತಾರೆ. ಅದನ್ನು ನೋಡಿಯೋ ಏನೋ, ಚಿಕ್ಕಪ್ಪನೂ ಗತ್ತಿನಿಂದ, ‘ಒಂದು ಸೀನಿಯರ್ ಸಿಟಿಜನ್’ ಎಂದ.

ಕಂಡಕ್ಟರ್ ಆಧಾರ್ ನೋಡಿದ. ‘ಯಜಮಾನ್ರೆ, ನಿಮಗಿನ್ನೂ 59. ಶೇ 25 ಬಿಡೋದು 60 ಆದ್ಮೇಲೆ.’

‘ಅದು ಮೇಷ್ಟ್ರು ಬರೆದಿದ್ದಪ್ಪ. ಖರೇ ವಯಸ್ಸು 62. ಬೇಕಾದ್ರೆ ಅತ್ತಿಗೇನ ಕೇಳು.’

ಅವ್ವ ಕೋರ್ಟಿಗೆ ಬಂದವಳಂತೆ ಸೆರಗು ಸರಿಮಾಡಿಕೊಂಡು, ‘ನಾನು ಮದುವಿಯಾಗಿ ಬಂದಾಗ ಇವಗೆ ಎಂಟು. ಸ್ಲೇಟು ಕೊಟ್ಟು ಸಾಲಿಗೆ ಅಟ್ಟಿದ್ದೇ ನಾನು’ ಎಂದಳು. ಮಷಿನ್ನಿನಲ್ಲಿ ಅತ್ತಿಗೆಯ ಸಾಕ್ಷಿಗೆ ಬಟನ್ ಇರಲಿಲ್ಲ.

ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಡಿಗ್ರಿ ಮುಗಿಸಿ ಎರಡು ವರ್ಷದಿಂದ ಅರ್ಜಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿರುವ ನನ್ನ ಮಗ ಹಿಂದಿನ ಸೀಟಿನಿಂದ ಬಾಯಿ ಹಾಕಿದ. ‘ಸಣ್ಣಜ್ಜ, ಸಂಬಳಕ್ಕೆ ಕಾಗದದ ವಯಸ್ಸು, ರಿಯಾಯಿತಿಗೆ ಖರೇ ವಯಸ್ಸಾ? ಎರಡೂವರೆ ವರ್ಷ ನಮ್ಮಂಥೋರ ಕುರ್ಚಿ ಬಿಸಿ ಮಾಡ್ಕಂಡು ಕುಂತಿದ್ದಲ್ಲ, ಅದಕ್ಕೆಷ್ಟು ವಾಪಸ್ ಕೊಡ್ತಿ?’

‘ಲೇ, ನಾನು ಎದ್ದ ಮೇಲೆ ಆ ಕುರ್ಚಿಗೆ ಯಾರನ್ನ ತಗಂಡ್ರು? ಕುರ್ಚೀನೇ ತೆಗದು ಅಲ್ಲೊಂದು ಪ್ರಿಂಟರ್ ಇಟ್ಟಾರೆ. ನ್ಯಾಯ ಕೇಳೋನು ಅದನ್ನ ಹೋಗಿ ಕೇಳು.’

ಆನಗೋಡು ದಾಟಿತು. ವಾದ ದಾಟಲಿಲ್ಲ. ರೈಲಿನವರು ಅರವತ್ತಾದ ಗಂಡಸರಿಗೆ ಬಿಡುತ್ತಿದ್ದ ಶೇ 40 ಅನ್ನು 2020ರ ಮಾರ್ಚ್‌ನಲ್ಲಿ, ಅಂದರೆ ಚಿಕ್ಕಪ್ಪನ ಪಾಳಿ ಹತ್ತಿರ ಬಂದಾಗ, ನಿಲ್ಲಿಸಿದ ಹಳೇ ಗಾಯವೂ ಹೊರಬಂತು. ‘ನಾವು ಬಾಗಲಿಗೆ ಬರೋದು, ಅವರು ಬಾಗ್ಲು ಹಾಕೋದು’ ಎಂದ. ‘ನಮಗೆ ಬಾಗ್ಲೇ ಕಾಣವಲ್ದು’ ಎಂದ ಮಗ. ಇಬ್ಬರ ಮಾತೂ ನನಗೆ ಸರಿ ಅನ್ನಿಸುತ್ತಿತ್ತು. ನಲವತ್ತೆಂಟರ ವಯಸ್ಸಿನ ದೊಡ್ಡ ರೋಗ ಇದೇ.

ಬಸ್ಸಿನಲ್ಲಿ ತೀರ್ಪು ಕೊಡುವವರಿಗೇನು ಬರ? ಮುಂದಿನ ಸೀಟಿನವರು ‘ನಂದೂ ಜೂನ್ 1’ ಎಂದರು. ಅವರ ಪಕ್ಕದವರದೂ ಅದೇ. ಕೊನೆಗೆ ಕಂಡಕ್ಟರ್ ಮೆಲ್ಲಗೆ, ‘ನಮ್ಮಪ್ಪಂದೂ ಅದೇ ಬಿಡ್ರಿ’ ಎಂದು ನನ್ನ ಕೈಗೆ ಮೂರು ಫುಲ್ ಟಿಕೆಟ್ ಇಟ್ಟ.

ಭರಮಸಾಗರದಲ್ಲಿ ಕೋಲೂರಿಕೊಂಡು ಒಬ್ಬ ಮುದುಕರು ಹತ್ತಿದರು. ಚಿಕ್ಕಪ್ಪ ಕುಂತಿದ್ದು ಹಿರಿಯ ನಾಗರಿಕರ ಸೀಟಿನಲ್ಲಿ. ‘ಸಣ್ಣಜ್ಜ, ಈಗ ಯಾವ ವಯಸ್ಸು?’ ಎಂದ ಮಗ. ಚಿಕ್ಕಪ್ಪ ಕಿಟಕಿಯಾಚೆಯ ಮೆಕ್ಕೆಜೋಳದ ಹೊಲ ಲೆಕ್ಕ ಹಾಕತೊಡಗಿದ. ಮಗ ತಾನೇ ಎದ್ದು ಮುದುಕರನ್ನು ಕೂರಿಸಿ, ದುರ್ಗದವರೆಗೂ ಚಿಕ್ಕಪ್ಪನ ತಲೆಯ ಮೇಲೇ ಜೋತುಬಿದ್ದು ನಿಂತ.

ಗೃಹಪ್ರವೇಶದಲ್ಲಿ ‘ವಯಸ್ಸಾದೋರು ಮೊದ್ಲು ಕುಂದರ್ರಿ’ ಎಂದ ಕೂಡಲೇ ಚಿಕ್ಕಪ್ಪ ಮೊದಲ ಪಂಕ್ತಿಯಲ್ಲಿದ್ದ. ಹೋಳಿಗೆ ಬಡಿಸುವವರು ‘ಇನ್ನೊಂದು ಹಾಕಲಾ, ಶುಗರ್ ಐತಾ?’ ಎಂದರೆ, ‘ನನಗಿನ್ನೂ 59, ಹಾಕು ಮಾರಾಯ.’

ಈಗ ಕ್ಯಾಲೆಂಡರಿನಲ್ಲಿ ಜೂನ್ 1ಕ್ಕೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿದ್ದಾನೆ. ಎರಡನೇ ತಾರೀಕು ಬೆಳಿಗ್ಗೆಯೇ ಧರ್ಮಸ್ಥಳಕ್ಕೆ ಹೊರಡುವುದಂತೆ. ಆ ಶೇ 25 ಬಿಟ್ಟದ್ದನ್ನು ಕಣ್ಣಾರೆ ನೋಡಬೇಕೆಂದು ಮಗನೂ ಹೊರಟಿದ್ದಾನೆ, ಫುಲ್ ಟಿಕೆಟ್ಟಿನಲ್ಲಿ. ಉಳಿದ ಶೇ 75 ಯಾರದೆಂದು ಇಬ್ಬರೂ ಈವರೆಗೆ ಜಗಳ ಆಡಿಲ್ಲ. ಆ ವಿಷಯದಲ್ಲಿ ಮಾತ್ರ ಅಜ್ಜ ಮೊಮ್ಮಗ ಒಂದೇ ಪಾರ್ಟಿ.